ದರೆಗೆ ಕಾಂಕ್ರೀಟ್ ಹೊಡೆದರೆ ಸಾಲದು, ನೀರಿಗೆ ದಾರಿ ಬಿಡಿ

ಮಾನ್ಯ ಸಂಪಾದಕರೇ,

2024ರ ಜುಲೈನಲ್ಲಿ ಸಕಲೇಶಪುರದ ದೊಡ್ಡತಪ್ಪಲೆ ಬಳಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 75ರ ಸಂಚಾರ ಸ್ಥಗಿತಗೊಂಡ ಮೇಲೆ, ಶಿರಾಡಿ ಘಾಟಿಯ ದರೆಗಳಿಗೆಲ್ಲ (ರಸ್ತೆಗಾಗಿ ಗುಡ್ಡ ಕಡಿದ ಬದಿಗಳಿಗೆಲ್ಲ) ಗಾಳಿಯ ಒತ್ತಡದಿಂದ ಎರಚುವ ಕಾಂಕ್ರೀಟ್, ಅಂದರೆ ಶಾಟ್‌ಕ್ರೀಟ್ ಹೊಡೆಸಬೇಕೆಂಬ ಮಾತು ನಮ್ಮ ಭಾಗದಲ್ಲಿ ಮತ್ತೆ ಮತ್ತೆ ಕೇಳಿಬರುತ್ತಿದೆ. ಈ ಬೇಡಿಕೆಯಲ್ಲಿ ತಪ್ಪೇನಿಲ್ಲ. ಆದರೆ ಎರಚಿದ ಕಾಂಕ್ರೀಟೇ ಗುಡ್ಡವನ್ನು ತಡೆದು ನಿಲ್ಲಿಸುತ್ತದೆ ಎಂಬ ನಂಬಿಕೆ ಜನರಲ್ಲಷ್ಟೇ ಅಲ್ಲ, ಕೆಲವು ಗುತ್ತಿಗೆದಾರರಲ್ಲೂ ಇರುವುದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಈ ವಿಧಾನಕ್ಕೆ ಹೆಸರು ಬಂದದ್ದು ಮುಖ್ಯವಾಗಿ ಸುರಂಗಗಳಿಂದ. ಬಂಡೆ ಸಿಡಿಸಿದ ಕೂಡಲೇ, ಸಡಿಲವಾದ ಕಲ್ಲುಗಳು ಜರುಗುವ ಮೊದಲೇ ಗಾಳಿಯ ಒತ್ತಡದಿಂದ ಕಾಂಕ್ರೀಟ್ ಎರಚಿ ಸಂದುಗಳನ್ನು ತುಂಬಿ, ಬಂಡೆಯೊಳಕ್ಕೆ ಕೂರಿಸುವ ಉಕ್ಕಿನ ಸರಳುಗಳನ್ನು (ರಾಕ್ ಬೋಲ್ಟ್) ಬಿಗಿದರೆ, ಸುತ್ತಲಿನ ಬಂಡೆಯೇ ಭಾರದ ಬಹುಪಾಲನ್ನು ಹೊತ್ತುಕೊಳ್ಳುತ್ತದೆ. ಸೆಂಟ್ರಿಂಗ್ ಬೇಕಾಗಿಲ್ಲ, ಸಮಯವೂ ಉಳಿಯುತ್ತದೆ. 1950–60ರ ದಶಕಗಳಲ್ಲಿ ಆಸ್ಟ್ರಿಯಾದ ಎಂಜಿನಿಯರುಗಳು ರೂಢಿಗೆ ತಂದ ಸುರಂಗ ಪದ್ಧತಿಯ ತಿರುಳೇ ಇದು. ಅಲ್ಲಿಯೂ ಕಾಂಕ್ರೀಟಿನ ಪದರ ಒಂಟಿಯಾಗಿ ಕೆಲಸ ಮಾಡುವುದಿಲ್ಲ ಎಂಬುದನ್ನು ಗಮನಿಸಬೇಕು.

ನಮ್ಮ ಘಾಟಿಯ ದರೆಗಳಲ್ಲಿ ಅನೇಕ ಕಡೆ ಇರುವುದು ಶಿಥಿಲಗೊಂಡ ಕಲ್ಲು ಮತ್ತು ಕೆಂಪು ಮಣ್ಣಿನ ದಪ್ಪ ಪದರ. ಆಷಾಢದ ಮಳೆ ಹಿಡಿದರೆ ಈ ಮಣ್ಣು ನೀರು ಕುಡಿದು ಭಾರವಾಗಿ, ಕಂಡಕಂಡಲ್ಲಿ ಜಲ ಒಡೆಯುತ್ತದೆ. ಅದೇ ಜುಲೈನಲ್ಲಿ ಎಡಕುಮೇರಿ–ಕಡಗರವಳ್ಳಿ ನಿಲ್ದಾಣಗಳ ನಡುವೆ ರೈಲು ನಿಂತದ್ದು ಸುರಂಗ ಕುಸಿದು ಅಲ್ಲ, ಹಳಿಯ ಕೆಳಗಿನ ಮಣ್ಣು ಜಾರಿ. ಇಂಥ ಮಣ್ಣಿನ ಮೇಲೆ ಹೊಡೆದ ಮೂರು ನಾಲ್ಕು ಇಂಚಿನ ಶಾಟ್‌ಕ್ರೀಟ್, ಗುಡ್ಡಕ್ಕೆ ಹೊದಿಸಿದ ಗೊರಬಿನಂತೆ, ಮೇಲಿನ ಮಳೆಯನ್ನು ತಡೆದೀತೇ ಹೊರತು ಒಳಗಿನ ಜಲವನ್ನಲ್ಲ. ಹೊರಬರಲು ದಾರಿಯಿಲ್ಲದ ನೀರಿನ ಒತ್ತಡ ಹಿಂಬದಿಯಲ್ಲಿ ಹೆಚ್ಚುತ್ತಾ ಹೋಗಿ, ಒಂದು ದಿನ ಮಣ್ಣು, ಜಾಲರಿ, ಕಾಂಕ್ರೀಟ್ ಎಲ್ಲವೂ ಒಟ್ಟಿಗೆ ರಸ್ತೆಗೆ ಬೀಳುತ್ತವೆ. ಆದ್ದರಿಂದ ದರೆಯೊಳಕ್ಕೆ ಆಳವಾಗಿ ಕೊರೆದು ಕಬ್ಬಿಣದ ಸರಳುಗಳನ್ನು ಗ್ರೌಟ್ ಮಾಡಿ (ಸುತ್ತ ಸಿಮೆಂಟ್ ಗಾರೆ ತುಂಬಿ) ಕೂರಿಸುವುದು, ಅವಕ್ಕೆ ಜಾಲರಿ ಬಿಗಿಯುವುದು, ಮಣ್ಣು ಕಟ್ಟಿಕೊಳ್ಳದಂತೆ ಫಿಲ್ಟರ್ ಬಟ್ಟೆ ಸುತ್ತಿದ ಪೈಪುಗಳನ್ನು ಹೊರಮುಖವಾಗಿ ಇಳಿಜಾರಿನಲ್ಲಿ ಇಡುವುದು ಮತ್ತು ನೆತ್ತಿಯ ಮೇಲೆ ನೀರು ತಡೆಯುವ ಚರಂಡಿ ತೆಗೆಯುವುದು ಮೂಲ ಕೆಲಸ, ಎರಚುವುದು ಆಮೇಲಿನದು.

ಕಳೆದ ಬೇಸಿಗೆಯ ಕೊನೆಯಲ್ಲಿ ನಮ್ಮ ತಾಲ್ಲೂಕಿನ ಒಂದು ಕಾಮಗಾರಿಯನ್ನು ಹತ್ತಿರದಿಂದ ನೋಡಿದೆ. ಕಾಂಕ್ರೀಟ್ ಎರಚುವ ನಾಝಲ್ ಹಿಡಿದವನು ದರೆಗೆ ನೇರವಾಗಿ, ಒಂದೂವರೆ ಮೀಟರಿನೊಳಗೆ ನಿಲ್ಲಬೇಕಾದವನು, ರಸ್ತೆಯಲ್ಲೇ ನಿಂತು ಓರೆಯಾಗಿ ಮೇಲಕ್ಕೆ ಹೊಡೆಯುತ್ತಿದ್ದ. ಪುಟಿದು ಬುಡದಲ್ಲಿ ಬಿದ್ದ ಜಲ್ಲಿ ಮರಳನ್ನು ಸಲಿಕೆಯಲ್ಲಿ ತುಂಬಿ ಮತ್ತೆ ಯಂತ್ರಕ್ಕೇ ಹಾಕುತ್ತಿದ್ದರು. ಹಾಗೆ ಪುಟಿದದ್ದರಲ್ಲಿ ಸಿಮೆಂಟಿನ ಅಂಶ ಕಡಿಮೆ ಇರುವುದರಿಂದ ಅದನ್ನು ಮರುಬಳಕೆ ಮಾಡಬಾರದು. ಪೈಪುಗಳನ್ನೇನೋ ಇಟ್ಟಿದ್ದರು, ಆದರೆ ಬಾಯಿ ಮುಚ್ಚದೆ ಎರಚಿದ್ದರಿಂದ ಅವುಗಳೊಳಗೂ ಕಾಂಕ್ರೀಟ್ ಕೂತಿತ್ತು. ಮಳೆಗಾಲದಲ್ಲಿ ನೀರು ಸೋರಿದ್ದು ಪೈಪಿನಿಂದಲ್ಲ, ಬಿರುಕಿನಿಂದ.

ಶಾಟ್‌ಕ್ರೀಟ್ ಕೆಲಸಕ್ಕೆ ಐಎಸ್ 9012 ಎಂಬ ಭಾರತೀಯ ಮಾನಕ 1978ರಿಂದಲೂ ಇದೆ, ಹೊಸದಾಗಿ ಕಂಡುಹಿಡಿಯಬೇಕಾದದ್ದು ಏನೂ ಇಲ್ಲ. ಶಿರಾಡಿಗೆ ಸುರಂಗ ಮಾರ್ಗದ ಪ್ರಸ್ತಾವ ವರ್ಷಗಳಿಂದ ಚರ್ಚೆಯಲ್ಲಿದೆ. ಅದು ಆಗುವುದು ಯಾವಾಗಲೋ, ದರೆಗಳನ್ನಂತೂ ಈಗಾಗಲೇ ಕಡಿದಾಗಿದೆ. ಹೀಗಿರುವಾಗ ಶಿರಾಡಿ ಮತ್ತು ಚಾರ್ಮಾಡಿಯ ಇಂಥ ಕಾಮಗಾರಿಗಳ ಅಂದಾಜುಪಟ್ಟಿಯಲ್ಲಿ ನೀರಿನ ಪೈಪು ಮತ್ತು ಚರಂಡಿಗಳಿಗೆ ಪ್ರತ್ಯೇಕ ಬಾಬ್ತು ಇರಬೇಕು. ಬಿಲ್ ಪಾಸು ಮಾಡುವ ಮುನ್ನ ಕಾಂಕ್ರೀಟಿನ ಪದರವನ್ನು ಸುತ್ತಿಗೆಯಿಂದ ತಟ್ಟಿ ಟೊಳ್ಳು ಇರುವ ಜಾಗಗಳನ್ನು ಗುರುತಿಸಿ, ಅಲ್ಲಲ್ಲಿ ಕೋರ್ (ಕೊರೆದು ತೆಗೆಯುವ ಮಾದರಿ) ತೆಗೆದು ದಪ್ಪ ಮತ್ತು ಬಲವನ್ನು ಪರೀಕ್ಷಿಸಬೇಕು. ಹಾಗೂ ಪ್ರತಿ ವರ್ಷ ಮೇ ತಿಂಗಳೊಳಗೆ ಪೈಪುಗಳ ಬಾಯಿ ಬಿಡಿಸುವ ಹೊಣೆಯನ್ನು ನಿರ್ವಹಣೆಯ ಅವಧಿ ಮುಗಿಯುವವರೆಗೂ ಗುತ್ತಿಗೆದಾರರಿಗೇ ವಹಿಸಬೇಕೆಂದು ಸಂಬಂಧಪಟ್ಟ ಇಲಾಖೆಗಳನ್ನು ಕೋರುತ್ತೇನೆ.

— ನಿವೃತ್ತ ಸಿವಿಲ್ ಎಂಜಿನಿಯರ್, ಸಕಲೇಶಪುರ, ಹಾಸನ ಜಿಲ್ಲೆ