ಚಾರ್ಮೌತ್ ಕಡಲತೀರದ ಆ ಹಿರಿಯ ಮಹಿಳೆಗೆ

ಇಂಗ್ಲೆಂಡಿನ ಡಾರ್ಸೆಟ್ ಪ್ರಾಂತ್ಯದ ಚಾರ್ಮೌತ್ ತೀರದಲ್ಲಿ ಮಗಳು ಆಯ್ದಿದ್ದ ಅಮೋನೈಟ್ (ಸುರುಳಿ ಚಿಪ್ಪಿನ, ಈಗ ಅಳಿದುಹೋದ ಕಡಲಜೀವಿ) ಪಳೆಯುಳಿಕೆಗಳು ಯಾವುವು, ಯಾವ ಶಿಲಾಪದರದಿಂದ ಬಂದವು ಎಂದು ತಿಳಿಯದೆ, ಅವಳ ಶಾಲೆಯ ಸಂಗ್ರಹಕ್ಕೆ ಏನು ಬರೆಯುವುದೆಂದು ನಾವಿಬ್ಬರೂ ಪೇಚಾಡುತ್ತಿದ್ದಾಗ, ಸುತ್ತಿಗೆ ಹಿಡಿದು ಸಾಗುತ್ತಿದ್ದ ಹಿರಿಯ ಮಹಿಳೆಯೊಬ್ಬರು ತಾವಾಗಿಯೇ ನಿಂತರು. ಮೊದಲು ನಮ್ಮನ್ನು ಗುಡ್ಡದ ಬುಡದಿಂದ ದೂರ ಕರೆತಂದರು. ಅಲ್ಲಿನ ಬ್ಲ್ಯಾಕ್ ವೆನ್ ಗುಡ್ಡ ಆಗಾಗ ಕುಸಿಯುವಂಥದ್ದು. ಬಳಿಕ ಒಂದು ತುಣುಕನ್ನು ಕಡಲ ನೀರಿನಲ್ಲಿ ತೊಳೆದು, ಬೆಳಕಿಗೆ ಓರೆಯಾಗಿ ಹಿಡಿದು, ತಮ್ಮ ಭೂತಗನ್ನಡಿಯನ್ನು ಮಗಳ ಕೈಗೇ ಕೊಟ್ಟರು. ಸುರುಳಿಯ ಹೊರ ಅಂಚನ್ನು ದಾಟುವಲ್ಲಿ ಉಬ್ಬುಗೆರೆಗಳು ಚಪ್ಪಟೆಯಾಗಿ ಅಗಲಗೊಂಡಿದ್ದುದರಿಂದ ಅದು ಬ್ಲ್ಯಾಕ್ ವೆನ್ ಮಾರ್ಲ್ ಪದರದ ಪ್ರೊಮೈಕ್ರೋಸೆರಾಸ್ ಎಂಬ ಬಗೆಯ ಅಮೋನೈಟ್ ಎಂದೂ, ಹೊರ ಅಂಚಿನ ನಡುವೆ ದಿಂಡು ಮತ್ತು ಅದರ ಇಕ್ಕೆಲದಲ್ಲಿ ತೋಡುಗಳಿರುವ, ಅರಿಯಟೈಟಿಸ್ ಎಂಬ ದೊಡ್ಡ ಬಗೆಯದಾದರೆ ಅದಕ್ಕಿಂತ ಕೆಳಗಿನ, ಹೆಚ್ಚು ಹಳೆಯದಾದ ಬ್ಲೂ ಲಯಾಸ್ ಸುಣ್ಣಕಲ್ಲಿನದೆಂದೂ ವಿವರಿಸಿದರು. ಎರಡೂ ಸುಮಾರು 19ರಿಂದ 20 ಕೋಟಿ ವರ್ಷಗಳಷ್ಟು ಹಿಂದಿನವು.

ನನಗೆ ಹೆಚ್ಚು ಹಿಡಿಸಿದ್ದು ಅವರು ಹೆಸರು ಹೇಳದ ತುಣುಕು. ಅಲೆಗೆ ಸವೆದ ಪೈರೈಟ್ (ಕಬ್ಬಿಣ, ಗಂಧಕಗಳ ಖನಿಜ) ಅಮೋನೈಟ್ ಒಂದನ್ನು ಬಹಳ ಹೊತ್ತು ತಿರುಗಿಸಿ ನೋಡಿ, ಪೆನ್ಸಿಲಿನಿಂದ ಚೀಟಿಯಲ್ಲಿ ಸ್ಥಳ, ದಿನಾಂಕ ಬರೆದು, ಕೆಳಗೆ ‘ತೀರದಲ್ಲಿ ಬಿದ್ದಿದ್ದು, ಪದರ ಖಚಿತವಿಲ್ಲ’ ಎಂದು ಸೇರಿಸಿದರು. ಪೈರೈಟ್ ತೇವಕ್ಕೆ ಪುಡಿಯಾಗುತ್ತದೆ, ಒಣಗಿಸಿ ಇಡಿ ಎಂದು ಹಳೆಯ ಪತ್ರಿಕೆಯಲ್ಲಿ ಸುತ್ತಿಕೊಟ್ಟು, ಉಬ್ಬರ ಏರುವ ಮುನ್ನ ಮರಳಬೇಕೆಂದು ಅವಸರಿಸಿ ಹೊರಟೇಬಿಟ್ಟರು. ಹೆಸರು ಕೇಳಲೂ ಬಿಡುವಾಗಲಿಲ್ಲ. ಆದ್ದರಿಂದ ಇಲ್ಲಿ ಅವರಿಗೆ ನಮ್ಮಿಬ್ಬರ ವಂದನೆಗಳು.