ಸಿಗರೇಟು ಬಿಟ್ಟವರ ತೂಕದ ಬಗ್ಗೆಯೂ ಬರೆಯಿರಿ

ಮಾನ್ಯ ಸಂಪಾದಕರೆ,

ಪ್ರತಿ ವರ್ಷ ಮೇ 31ರ ವಿಶ್ವ ತಂಬಾಕುರಹಿತ ದಿನದಂದು ನಿಮ್ಮ ಪತ್ರಿಕೆಯಲ್ಲಿ ಧೂಮಪಾನದ ಕೆಡುಕುಗಳ ಬಗ್ಗೆ ಲೇಖನ ಬರುತ್ತದೆ. ಶ್ವಾಸಕೋಶ, ಹೃದಯ, ಬಾಯಿಯ ಕ್ಯಾನ್ಸರ್ ಎಲ್ಲದರ ಪ್ರಸ್ತಾಪವೂ ಅದರಲ್ಲಿರುತ್ತದೆ. ಆದರೆ ಆ ಲೇಖನ ಓದಿ ಮರುದಿನವೇ ಸಿಗರೇಟು ಬಿಟ್ಟವನಿಗೆ ಶ್ರಾವಣದ ಹೊತ್ತಿಗೆ ಪ್ಯಾಂಟಿನ ಹುಕ್ಕು ಕೂರದಂತಾಗಬಹುದು ಎಂಬುದನ್ನಾಗಲೀ, ಹಾಗಾದಾಗ ಅವನು ಮಾಡಬೇಕಾದುದೇನು ಎಂಬುದನ್ನಾಗಲೀ ಯಾರೂ ಬರೆದದ್ದನ್ನು ನಾನು ಓದಿಲ್ಲ. ಇದೇ ಕಾರಣಕ್ಕೆ ಒಮ್ಮೆ ಬಿಟ್ಟ ಚಟವನ್ನು ಮತ್ತೆ ಹಿಡಿದವನು ನಾನಾದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಚಿಕ್ಕಮಗಳೂರು ಜಿಲ್ಲೆಯ ಆಲ್ದೂರಿನ ಸಮೀಪದ ಕಾಫಿ ತೋಟವೊಂದರಲ್ಲಿ ನಾನು ರೈಟರ್, ಅಂದರೆ ಲೆಕ್ಕಪತ್ರ ನೋಡಿಕೊಳ್ಳುವವನು. ದಿನಕ್ಕೆ ಹದಿನೈದು ಸಿಗರೇಟು ಸೇದುತ್ತಿದ್ದವನು 2022ರ ಜೂನ್ 1ರಂದು ನಿಲ್ಲಿಸಿದೆ. ನಮ್ಮ ಕಡೆ ಅದು ಮಳೆ ಹಿಡಿಯುವ ಕಾಲ. ಹೊರಗೆ ಓಡಾಟವಿಲ್ಲ, ಒಳಗೆ ಕೂತರೆ ಹಲಸಿನ ಹಪ್ಪಳ, ಬೋಂಡ, ಬೆಳಿಗ್ಗೆ ಕಡುಬು, ರಾತ್ರಿ ಅಕ್ಕಿರೊಟ್ಟಿ. ತೋಟದ ಸ್ಟೋರಿನಲ್ಲಿ ಗೊಬ್ಬರ ಮತ್ತು ಕಾಫಿ ಹಣ್ಣು ತೂಗುವ ತಕ್ಕಡಿಯ ಮೇಲೆ ಭಾನುವಾರಗಳಂದು ನಾನೇ ಹತ್ತಿ ನಿಂತು, ಆಳುಗಳ ಹಾಜರಿ ಬರೆಯುವ ಚೆಕ್‌ರೋಲ್ ಪುಸ್ತಕದ ಕೊನೆಯ ಹಾಳೆಯಲ್ಲಿ ತೂಕ ಬರೆದಿಡುತ್ತಿದ್ದೆ. ಜೂನ್‌ನಲ್ಲಿ 62 ಕಿಲೊ ಇದ್ದದ್ದು ಆಯುಧಪೂಜೆಯ ವೇಳೆಗೆ 66.5 ಕಿಲೊ ಆಗಿತ್ತು. ಬೆಲ್ಟಿಗೆ ಮೊಳೆಯಿಂದ ಹೊಸ ತೂತು ಕೊರೆದೆ. ನೆಂಟರ ಮದುವೆಯಲ್ಲಿ ಒಬ್ಬರು, "ಏನ್ರೀ ರೈಟ್ರೇ, ದಿನಾ ನಿಮ್ಮನೇಲೇ ಮದುವೆ ಊಟ ನಡೀತಿರೋ ಹಂಗಿದೆ" ಎಂದರು. ಸಲಹೆ ಕೇಳಲು ಹೋದ ಕಡೆ, "ಅದನ್ನೆಲ್ಲ ಆಮೇಲೆ ನೋಡೋಣ, ಮೊದಲು ಸೇದದೇ ಇರಿ" ಎಂದು ನಕ್ಕು ಕಳಿಸಿದರು. 2023ರ ಜನವರಿಯಲ್ಲಿ, ಹೊಟ್ಟೆ ಕರಗಲಿ ಎಂಬ ನೆಪದಲ್ಲಿ ಮತ್ತೆ ಹಚ್ಚಿದೆ. ತೂಕ ಇಳಿದದ್ದು ಒಂದೇ ಕಿಲೊ, ಕೆಮ್ಮು ಮಾತ್ರ ಪೂರ್ತಿ ವಾಪಸ್ಸು ಬಂತು.

ಸಿಗರೇಟು ಬಿಟ್ಟರೆ ತೂಕ ಏರುವುದು ಮನಸ್ಸಿನ ದೌರ್ಬಲ್ಯದಿಂದಷ್ಟೇ ಅಲ್ಲ. ತಂಬಾಕಿನಲ್ಲಿರುವ ನಿಕೋಟಿನ್ ಹಸಿವನ್ನು ಅದುಮಿಡುತ್ತದೆ, ಜೊತೆಗೆ ದೇಹ ಸುಮ್ಮನೆ ಕೂತಿದ್ದಾಗಲೂ ಖರ್ಚು ಮಾಡುವ ಶಕ್ತಿಯನ್ನು ಸ್ವಲ್ಪ ಹೆಚ್ಚಿಸುತ್ತದೆ. ಹೆಚ್ಚು ಸೇದುವವರಲ್ಲಿ ಇದು ದಿನಕ್ಕೆ ಸುಮಾರು 200 ಕ್ಯಾಲರಿಯಷ್ಟು ಇರಬಹುದು. ಬಿಟ್ಟ ದಿನದಿಂದ ಆ ಖರ್ಚು ನಿಲ್ಲುತ್ತದೆ, ಹಸಿವು ಮರಳುತ್ತದೆ, ಸತ್ತಂತಿದ್ದ ನಾಲಿಗೆ ಮತ್ತು ಮೂಗು ಎಚ್ಚರಗೊಳ್ಳುತ್ತವೆ. 2012ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾದ, ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯ ಪ್ರಕಾರ ಬಿಟ್ಟವರ ತೂಕ ಒಂದು ವರ್ಷದಲ್ಲಿ ಸರಾಸರಿ 4ರಿಂದ 5 ಕಿಲೊ ಏರುತ್ತದೆ, ಅದರಲ್ಲಿ ಹೆಚ್ಚಿನ ಪಾಲು ಮೊದಲ ಮೂರು ತಿಂಗಳಲ್ಲೇ ಬರುತ್ತದೆ. ಆದರೆ ಸರಾಸರಿಯ ಹಿಂದೆ ದೊಡ್ಡ ಅಂತರವಿದೆ: ಶೇ 16ರಷ್ಟು ಜನರ ತೂಕ ಇಳಿದಿತ್ತು, ಶೇ 13ರಷ್ಟು ಜನರದು 10 ಕಿಲೊಗಿಂತ ಹೆಚ್ಚು ಏರಿತ್ತು. ಈ ಮೂರು ತಿಂಗಳ ಲೆಕ್ಕವನ್ನು ಮೊದಲೇ ಯಾರಾದರೂ ಹೇಳಿದ್ದರೆ, ತೂಕ ಹೀಗೇ ಏರುತ್ತಲೇ ಹೋಗುತ್ತದೆಂದು ನಾನು ಹೆದರುತ್ತಿರಲಿಲ್ಲ.

ನಮ್ಮ ಜಿಲ್ಲೆಯವರು ವಿಶೇಷವಾಗಿ ತಿಳಿಯಬೇಕಾದ ಸಂಗತಿ ಕಾಫಿಯದು. ಸಿಗರೇಟಿನ ಹೊಗೆಯಲ್ಲಿರುವ ರಾಸಾಯನಿಕಗಳು ಕಾಫಿಯಲ್ಲಿರುವ ಕೆಫೀನನ್ನು ಯಕೃತ್ತು ಕರಗಿಸುವ ವೇಗವನ್ನು ಹೆಚ್ಚಿಸಿರುತ್ತವೆ. ಸೇದುವುದು ನಿಂತ ಕೆಲವೇ ದಿನಗಳಲ್ಲಿ ಆ ವೇಗ ತಗ್ಗುವುದರಿಂದ, ಮೊದಲಿನಷ್ಟೇ ಕಾಫಿ ಕುಡಿದರೂ ರಕ್ತದಲ್ಲಿ ಕೆಫೀನು ಬಹಳ ಹೆಚ್ಚಾಗುತ್ತದೆ, ಇಮ್ಮಡಿಯೂ ಆಗಬಹುದು. ಕೈನಡುಕ, ಎದೆ ಡವಗುಟ್ಟುವುದು, ರಾತ್ರಿ ಎರಡರವರೆಗೆ ನಿದ್ದೆ ಬಾರದಿರುವುದು, ಇವೆಲ್ಲ ಚಟ ಬಿಟ್ಟದ್ದರಿಂದಲೇ ಎಂದು ನಾನು ತಿಳಿದಿದ್ದೆ. ಅರ್ಧಪಾಲು ಕಾಫಿಯದೇ ಇತ್ತೆಂದು ಈಗ ಅನ್ನಿಸುತ್ತದೆ. ಅಷ್ಟೇ ಅಲ್ಲ, ಬಿಟ್ಟ ಮೇಲೆ, ಮೊದಲು ಸಿಗರೇಟು ಹಚ್ಚುತ್ತಿದ್ದ ಹೊತ್ತಿಗೆ ನಾನು ಒಂದು ಲೋಟ ಕಾಫಿ ತರಿಸಿಕೊಳ್ಳುತ್ತಿದ್ದೆ. ದಿನಕ್ಕೆ ಆರು ಲೋಟ, ಲೋಟಕ್ಕೆ ಎರಡು ಚಮಚ ಸಕ್ಕರೆ; ಒಟ್ಟು ಸುಮಾರು 60 ಗ್ರಾಂ, ಅಂದರೆ ಹಾಲನ್ನು ಬಿಟ್ಟೂ 240 ಕ್ಯಾಲರಿ. ಕಾಫಿ ಬೆಳೆಯುವ ಊರಿನವನೇ ಕಾಫಿಯ ಮೇಲೆ ದೂರು ಹೇಳುವುದು ಚೆನ್ನಲ್ಲ, ಆದರೆ ತಪ್ಪು ಬೀಜದ್ದಲ್ಲ, ಚಮಚದ್ದು.

2024ರ ಜೂನ್‌ನಲ್ಲಿ ಎರಡನೆಯ ಸಲ ಬಿಟ್ಟಾಗ ತಯಾರಿ ಮಾಡಿಕೊಂಡೇ ಬಿಟ್ಟೆ. ಕಾಫಿಯನ್ನು ಮೂರು ಲೋಟಕ್ಕಿಳಿಸಿ, ಅದರಲ್ಲಿ ಎರಡನ್ನು ಹಾಲು ಸಕ್ಕರೆಯಿಲ್ಲದ ಕಪ್ಪು ಕಾಫಿ ಮಾಡಿಕೊಂಡೆ, ಸಂಜೆ ನಾಲ್ಕರ ನಂತರ ಬೇಡವೆಂದೆ. ಊಟದ ವಿಷಯದಲ್ಲಿ ನನಗೆ ಹೊಳೆದದ್ದು ಇದು: ಇಷ್ಟು ವರ್ಷ ನನ್ನ ಊಟ ಮುಗಿಯಿತೆಂದು ಹೇಳುತ್ತಿದ್ದದ್ದು ಹೊಟ್ಟೆಯಲ್ಲ, ಊಟದ ನಂತರದ ಸಿಗರೇಟು. ಅದಿಲ್ಲದೆ ಎಲೆಯ ಮುಂದಿನಿಂದ ಏಳಲು ಮನಸ್ಸೇ ಬಾರದೆ ಇನ್ನೊಂದು ಸೌಟು ಅನ್ನ ಹಾಕಿಸಿಕೊಳ್ಳುತ್ತಿದ್ದೆ. ಈಗ ತಟ್ಟೆ ತೊಳೆದಿಟ್ಟ ಕೂಡಲೇ ಹಲ್ಲುಜ್ಜಿ, ಬಾಯಿಗೆ ಒಂದು ಲವಂಗ ಹಾಕಿಕೊಂಡು ಹೊರಡುತ್ತೇನೆ. ಕೆಲಸಗಾರರ ಲೈನ್ ಮನೆಗಳಿಂದ ಮುಖ್ಯರಸ್ತೆಯ ಗೇಟಿನವರೆಗೆ ಹೋಗಿ ಬರಲು ಅರ್ಧ ಗಂಟೆ ಬೇಕು. ಮಳೆಗಾಲದಲ್ಲಿ ಗಂಬೂಟು ಹಾಕಿ, ಕೊಡೆ ಹಿಡಿದು, ಇಂಬಳ (ಜಿಗಣೆ) ಕಚ್ಚಿಸಿಕೊಂಡೇ ನಡೆದೆ. ವಾರಕ್ಕೆ 150 ನಿಮಿಷದ ಬಿರುಸು ನಡಿಗೆ ಎಂದು ವೈದ್ಯರು ಹೇಳುವುದು ಹೀಗೆ ಐದು ದಿನದಲ್ಲಿ ತಾನಾಗಿ ಆಗುತ್ತದೆ. ಸೇದಬೇಕೆಂಬ ಚಡಪಡಿಕೆ ಒಮ್ಮೆ ಬಂದರೆ ಕೆಲವು ನಿಮಿಷಗಳಲ್ಲಿ ತಗ್ಗುತ್ತದೆ, ಆ ನಿಮಿಷಗಳಿಗಾಗಿ ಜೇಬಿನಲ್ಲಿ ಬಿಸ್ಕತ್ತಿನ ಬದಲು ಸೌತೆಕಾಯಿ ಹೋಳಿನ ಡಬ್ಬಿ ಇಟ್ಟುಕೊಂಡೆ. ಔಷಧಿ ಅಂಗಡಿಯಲ್ಲಿ ಸಿಗುವ 2 ಮಿಲಿಗ್ರಾಂ ನಿಕೋಟಿನ್ ಗಮ್ಮನ್ನೂ ಕೆಲವು ವಾರ ಬಳಸಿದೆ. ಅದು ತೂಕದ ಏರಿಕೆಯನ್ನು ತಡೆಯುವುದಕ್ಕಿಂತ ಮುಂದೂಡುತ್ತದೆ, ಆದರೆ ಚಟದ ಜೊತೆ, ತೂಕದ ಜೊತೆ ಎರಡು ಯುದ್ಧಗಳನ್ನು ಒಂದೇ ದಿನ ಮಾಡಬೇಕಾದ ಕಷ್ಟ ತಪ್ಪುತ್ತದೆ. ಇದೇ ಕಾರಣಕ್ಕೆ ಮೊದಲ ತಿಂಗಳಲ್ಲಿ ಉಪವಾಸ, ರಾತ್ರಿಯೂಟ ಬಿಡುವುದು ಮುಂತಾದ ಕಠಿಣ ಪಥ್ಯಕ್ಕೆ ಕೈಹಾಕಬಾರದು. ಹೊಟ್ಟೆಯ ಹಸಿವು ಯಾವುದು, ಸಿಗರೇಟಿನ ಹಸಿವು ಯಾವುದು ಎಂದು ಆಗ ಗೊತ್ತೇ ಆಗುವುದಿಲ್ಲ. ಸಕ್ಕರೆ ಕಾಯಿಲೆಗೆ ಔಷಧಿ ತೆಗೆದುಕೊಳ್ಳುತ್ತಿರುವವರು ಬಿಡುವ ಮೊದಲೇ ವೈದ್ಯರಿಗೆ ತಿಳಿಸುವುದು ಒಳಿತು.

ಈ ಸಲ ಒಂದು ವರ್ಷದಲ್ಲಿ ಏರಿದ್ದು ಎರಡು ಕಿಲೊ. ಇದನ್ನು ದೊಡ್ಡ ಸಾಧನೆಯೆಂದು ಹೇಳುತ್ತಿಲ್ಲ, ಏಕೆಂದರೆ ನನ್ನ ಎತ್ತರದವರಿಗೆ ಅದೂ ಗಮನಿಸಬೇಕಾದದ್ದೇ. ಭಾರತೀಯರಲ್ಲಿ ದೇಹತೂಕ ಸೂಚ್ಯಂಕ (ಕಿಲೊ ತೂಕವನ್ನು ಮೀಟರ್ ಎತ್ತರದ ವರ್ಗದಿಂದ ಭಾಗಿಸಿದ ಸಂಖ್ಯೆ) 23 ದಾಟಿದರೆ ಹೆಚ್ಚುತೂಕ, 25 ಮುಟ್ಟಿದರೆ ಬೊಜ್ಜು ಎಂದು ಲೆಕ್ಕ. ಗಂಡಸರ ಸೊಂಟದ ಸುತ್ತಳತೆ 90 ಸೆಂಟಿಮೀಟರ್, ಹೆಂಗಸರದು 80 ಸೆಂಟಿಮೀಟರ್ ಮೀರಬಾರದು. ಹಾಗೆಂದು ತೂಕಕ್ಕೆ ಹೆದರಿ ಮತ್ತೆ ಸೇದುವುದು ಲೆಕ್ಕ ತಪ್ಪಿದ ವ್ಯಾಪಾರ. 2018ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ, ಬಿಟ್ಟ ಮೇಲೆ ತೂಕ ಏರಿಸಿಕೊಂಡವರಿಗೆ ಕೆಲವು ವರ್ಷಗಳ ಕಾಲ ಸಕ್ಕರೆ ಕಾಯಿಲೆಯ ಅಪಾಯ ಹೆಚ್ಚಿದ್ದು ಕಂಡಿತು. ಆದರೆ ಹೃದಯರೋಗದಿಂದ ಸಾಯುವ ಅಪಾಯ, ಎಷ್ಟೇ ತೂಕ ಏರಿದ್ದರೂ, ಸೇದುತ್ತಲೇ ಇದ್ದವರಿಗಿಂತ ಬಿಟ್ಟವರಲ್ಲಿ ಕಡಿಮೆಯೇ ಇತ್ತು.

ತಂಬಾಕು ಬಿಡಿಸುವ ಸಲಹಾ ಕೇಂದ್ರಗಳನ್ನು ನಡೆಸುವವರಲ್ಲಿ ನನ್ನ ಕೋರಿಕೆ ಸಣ್ಣದು. ಬಂದವರ ತೂಕ ಮತ್ತು ಸೊಂಟದ ಅಳತೆಯನ್ನು ಮೊದಲ ದಿನವೇ ಬರೆದುಕೊಳ್ಳಿ, ಮೂರು ತಿಂಗಳಲ್ಲಿ ಏನಾಗಬಹುದೆಂದು ಆ ದಿನವೇ ಹೇಳಿ, ಕಾಫಿ ಎಷ್ಟು ಕುಡಿಯುತ್ತೀರೆಂದು ಕೇಳಿ. ರಾಷ್ಟ್ರೀಯ ಸಹಾಯವಾಣಿ 1800-11-2356ರ ಸಂಖ್ಯೆ ಸಿಗರೇಟಿನ ಪ್ಯಾಕಿನ ಮೇಲೆಯೇ ಇರುತ್ತದೆ, ಕರೆಗೆ ಹಣವಿಲ್ಲ. ಆದರೆ ನಮ್ಮ ಪೆಟ್ಟಿಗೆ ಅಂಗಡಿಗಳಲ್ಲಿ ಒಂದೊಂದೇ ಕೊಳ್ಳುವವರ ಕೈಗೆ ಪ್ಯಾಕು ಬರುವುದೇ ಇಲ್ಲ. ಆದ್ದರಿಂದ ಆ ಸಂಖ್ಯೆಯನ್ನು ನಿಮ್ಮ ಜಿಲ್ಲಾ ಪುಟದಲ್ಲಿ ಆಗಾಗ ಅಚ್ಚು ಮಾಡಬೇಕೆಂದೂ, ಮೇ 31ರ ಲೇಖನದ ಜೊತೆಗೆ ಬಿಟ್ಟವರ ಊಟ, ಕಾಫಿ, ನಡಿಗೆಯ ಬಗ್ಗೆ ಇನ್ನೊಂದು ಲೇಖನವನ್ನು ವೈದ್ಯರಿಂದ ಬರೆಸಿ ಆಗಸ್ಟ್‌ನಲ್ಲಿ ಪ್ರಕಟಿಸಬೇಕೆಂದೂ ಕೇಳಿಕೊಳ್ಳುತ್ತೇನೆ. ಬೆಲ್ಟಿಗೆ ತೂತು ಕೊರೆಯಲು ಮೊಳೆ ಹುಡುಕುವುದು ಆ ತಿಂಗಳಿನಲ್ಲೇ.

ಇಂತಿ,
ಕಾಫಿ ತೋಟವೊಂದರ ರೈಟರ್
ಆಲ್ದೂರು, ಚಿಕ್ಕಮಗಳೂರು ತಾಲ್ಲೂಕು