ಜೇಮ್ಸ್‌ಟೌನ್‌ನಿಂದ ಪುಟ್ಟನಿಗೊಂದು ಉತ್ತರ

ರಿಚ್ಮಂಡ್, ವರ್ಜೀನಿಯಾ

ಪ್ರೀತಿಯ ಅಕ್ಕನಿಗೆ ನಮಸ್ಕಾರಗಳು.

ನಾವೆಲ್ಲ ಇಲ್ಲಿ ಕ್ಷೇಮ. ಅಮ್ಮನ ಮಂಡಿ ನೋವು ಹೇಗಿದೆ? ಬರೀ ಎಣ್ಣೆ ಹಚ್ಚಿಕೊಂಡು ಕೂರೋದಕ್ಕೆ ಬಿಡಬೇಡ, ಡಾಕ್ಟರ ಹತ್ತಿರ ಇನ್ನೊಮ್ಮೆ ಕರೆದುಕೊಂಡು ಹೋಗು.

ಮೊನ್ನೆ ಫೋನಿನಲ್ಲಿ ಪುಟ್ಟ, "ಮಾಮ, ಹಿಸ್ಟರಿ ತುಂಬಾ ಬೋರು, ಅದರಲ್ಲೂ ಮೊದಮೊದಲ ಪಾಠಗಳು" ಅಂದ. ಆಗ ಉತ್ತರ ಹೇಳುವಷ್ಟು ಪುರುಸೊತ್ತು ಇರಲಿಲ್ಲ. ಈ ಕಾಗದ ಅವನಿಗೂ ಓದಲು ಕೊಡು.

ನಮ್ಮ ಮನೆಯಿಂದ ಕಾರಿನಲ್ಲಿ ಒಂದು ಗಂಟೆ ಹೋದರೆ ಜೇಮ್ಸ್‌ಟೌನ್ ಸಿಗುತ್ತದೆ. ಕಳೆದ ಭಾನುವಾರ ಹೋಗಿದ್ದೆವು. ಅಮೆರಿಕದಲ್ಲಿ ಇಂಗ್ಲಿಷರ ಮೊದಲ ಕಾಯಂ ನೆಲೆ ಅದು, 1607ರದ್ದು. ಇಷ್ಟನ್ನೇ ಬಾಯಿಪಾಠ ಮಾಡು ಅಂದರೆ ನನಗೂ ಬೇಸರ ಬರುತ್ತದೆ. ಆದರೆ ಆ ಹೊಳೆ ದಂಡೆಯಲ್ಲಿ ನಿಂತಾಗ ಬೇರೆ ಪ್ರಶ್ನೆಗಳು ಹುಟ್ಟುತ್ತವೆ. ಅವರು ಯಾಕೆ ಬಂದರು? ಏನು ತಿಂದರು? ಸಾಯದೆ ಹೇಗೆ ಉಳಿದರು?

ಬಂದವರು ನೂರಕ್ಕಿಂತ ಸ್ವಲ್ಪ ಜಾಸ್ತಿ ಗಂಡಸರು ಮತ್ತು ಹುಡುಗರು. ಕಳಿಸಿದ್ದು ಲಂಡನ್ನಿನ ವರ್ಜೀನಿಯಾ ಕಂಪನಿ. ದೇಶ ಕಟ್ಟುವ ಯೋಚನೆ ಯಾರಿಗೂ ಇರಲಿಲ್ಲ. ಚಿನ್ನ ಸಿಗಬಹುದು, ಹಾಕಿದ ದುಡ್ಡಿಗೆ ಲಾಭ ಬರಬಹುದು ಅನ್ನೋದೇ ಆಸೆ. ಸ್ಪೇನಿನವರ ಕಣ್ಣಿಗೆ ಬೀಳದ ಜಾಗ ಬೇಕು ಅಂತ ಜೌಗು ನೆಲದ ಮೇಲೆ ಕೋಟೆ ಕಟ್ಟಿದರು. ಹೊಳೆಯ ನೀರು ಉಬ್ಬರದ ಹೊತ್ತಿಗೆ ಉಪ್ಪು, ಇಳಿತದ ಹೊತ್ತಿಗೆ ಕೊಳಕು. ಅದನ್ನೇ ಕುಡಿದು ಮೊದಲ ಬೇಸಿಗೆಯಲ್ಲೇ ಸಾಲುಸಾಲಾಗಿ ಸತ್ತರು.

ಆ ನೆಲವೇನೂ ಖಾಲಿ ಇರಲಿಲ್ಲ ಅಕ್ಕ. ಅಲ್ಲಿ ಪೊಹಾಟನ್ ಎಂಬ ನಾಯಕನ ಕೈಕೆಳಗೆ ಸುಮಾರು 30 ಬುಡಕಟ್ಟುಗಳಿದ್ದವು. ನಮ್ಮ ಶಿಕಾರಿಪುರದ ಹೊಲಗಳಲ್ಲಿ ಈಗ ಬೆಳೆಯುವ ಮೆಕ್ಕೆಜೋಳವೇ ಅವರ ಮುಖ್ಯ ಬೆಳೆ. ಇಂಗ್ಲಿಷರು ಬದುಕಿದ್ದು ಅವರ ಜೋಳದ ಮೇಲೆ. ಹಳೇ ಮರಗಳ ಕಾಂಡದೊಳಗಿನ ಉಂಗುರಗಳನ್ನು ನೋಡಿ ವಿಜ್ಞಾನಿಗಳು ಒಂದು ವಿಷಯ ಕಂಡುಹಿಡಿದಿದ್ದಾರೆ: 1606ರಿಂದ 1612ರವರೆಗೆ ಅಲ್ಲಿ ಭೀಕರ ಬರ. ಸುಮಾರು 770 ವರ್ಷಗಳಲ್ಲಿ ಅಂಥ ಒಣ ಏಳು ವರ್ಷ ಇನ್ನೊಂದಿಲ್ಲ. ತಮಗೇ ಸಾಲದ ಜೋಳವನ್ನು ಹೊರಗಿನವರು ಬಂದು ಕೊಡಿ ಕೊಡಿ ಅಂದರೆ, ಕೊಡದಿದ್ದರೆ ಕಿತ್ತುಕೊಂಡರೆ, ಜಗಳವಾಗದೆ ಇರುತ್ತದಾ?

1609ರ ಚಳಿಗಾಲದ ಹಸಿವಿನಲ್ಲಿ ಸುಮಾರು 300 ಜನರಲ್ಲಿ ಉಳಿದವರು ಅರವತ್ತರಷ್ಟು. ಕುದುರೆ, ನಾಯಿ, ಇಲಿ ಎಲ್ಲ ತಿಂದರು. 2012ರಲ್ಲಿ ಅಗೆದಾಗ ಹದಿನಾಲ್ಕು ವರ್ಷದ ಒಬ್ಬ ಹುಡುಗಿಯ ಮೂಳೆಗಳು ಸಿಕ್ಕವು. ಸತ್ತ ಮೇಲೆ ಅವಳ ಮಾಂಸವನ್ನೂ ಕತ್ತರಿಸಿ ತಿಂದ ಗುರುತು ಮೂಳೆಯ ಮೇಲಿದೆ. ಅವಳ ಹೆಸರೂ ಯಾರಿಗೂ ಗೊತ್ತಿಲ್ಲ. ಪುಟ್ಟನದೇ ವಯಸ್ಸು. ನನಗೆ ಅಲ್ಲಿಂದ ಕಾಲು ಕೀಳಲು ಆಗಲಿಲ್ಲ.

1610ರ ಜೂನ್‌ನಲ್ಲಿ ಉಳಿದವರು ಕೋಟೆ ಬಿಟ್ಟು ಹಡಗು ಹತ್ತಿಯೇಬಿಟ್ಟರು. ಹೊಳೆಯಲ್ಲಿ ಹೊರಟ ಮಾರನೇ ದಿನವೇ ಎದುರಿಗೆ ಸುದ್ದಿ ಬಂತು: ಹೊಸ ಗವರ್ನರ್ ಹಡಗುಗಳಲ್ಲಿ ಜನ, ಆಹಾರ ತರುತ್ತಿದ್ದಾರೆ, ವಾಪಸ್ ಹೋಗಿ. ಆ ಸುದ್ದಿ ಸ್ವಲ್ಪ ತಡವಾಗಿದ್ದರೆ ಜೇಮ್ಸ್‌ಟೌನ್ ಅಲ್ಲಿಗೇ ಮುಗಿದಿತ್ತು! ಪಾಠದಲ್ಲಿ ಇದೆಲ್ಲ ಹೀಗೇ ಆಗಬೇಕಿತ್ತು ಅನ್ನೋ ಹಾಗೆ ಬರೆದಿರುತ್ತಾರೆ. ಬೇಸರ ಬರುವುದು ಅದಕ್ಕೇ. ಆ ದಿನ ಹಡಗಿನಲ್ಲಿದ್ದವರಿಗೆ ನಾಳೆ ಏನು ಅಂತ ಗೊತ್ತಿರಲಿಲ್ಲ.

1619ರ ಬೇಸಿಗೆಯನ್ನೂ ಅವನು ತಿಳಿಯಬೇಕು. ಜುಲೈ ಕೊನೆಗೆ ಆ ಊರಿನ ಚರ್ಚಿನಲ್ಲಿ ಜನ ಆರಿಸಿದ ಪ್ರತಿನಿಧಿಗಳ ಸಭೆ ಸೇರಿತು. ಅದಾದ ಕೆಲವೇ ವಾರಕ್ಕೆ, ಹೊಳೆ ಸಮುದ್ರ ಸೇರುವ ಕಡೆ, ಆಫ್ರಿಕಾದಿಂದ ಸೆರೆಹಿಡಿದು ತಂದ ಇಪ್ಪತ್ತಕ್ಕೂ ಹೆಚ್ಚು ಜನರನ್ನು ಒಂದು ಹಡಗು ಇಳಿಸಿತು. ಪ್ರಜಾಪ್ರಭುತ್ವ, ಗುಲಾಮಗಿರಿ ಎರಡೂ ಒಂದೇ ಬೇಸಿಗೆಯಲ್ಲಿ ಬೇರು ಬಿಟ್ಟವು. ಮೊದಲನೆಯದನ್ನಷ್ಟೇ ಹೇಳಿ ಎರಡನೆಯದನ್ನು ಬಿಟ್ಟರೆ ಅದು ಬರೀ ಹೊಗಳಿಕೆ. ಹೊಗಳಿಕೆಯನ್ನು ಯಾವ ಹುಡುಗ ಆಸೆಯಿಂದ ಓದುತ್ತಾನೆ ಹೇಳು?

ಇನ್ನೊಂದು. ವರ್ಜೀನಿಯಾ ಕಂಪನಿಯ ಖಜಾಂಚಿಯಾಗಿದ್ದ ಥಾಮಸ್ ಸ್ಮಿತ್ ಎಂಬ ಲಂಡನ್ ವ್ಯಾಪಾರಿಯೇ ಈಸ್ಟ್ ಇಂಡಿಯಾ ಕಂಪನಿಯ ಮೊದಲ ಗವರ್ನರ್. ಒಂದೇ ಊರಿನ ಅದೇ ಜನರ ದುಡ್ಡು ಇಲ್ಲಿಗೂ ಬಂತು, ನಮ್ಮ ಕಡೆಗೂ ಬಂತು. ಇದು ಪುಟ್ಟನ ಪುಸ್ತಕದಲ್ಲಿ ಇರಲಿಕ್ಕಿಲ್ಲ.

ಹಾಗಂತ ಇದಕ್ಕೆಲ್ಲ ಅವನು ಅಮೆರಿಕಕ್ಕೆ ಬರಬೇಕಿಲ್ಲ. ತಾಳಗುಂದ ನಮ್ಮ ತಾಲೂಕಿನಲ್ಲೇ ಇದೆ. ಓದಲು ಕಂಚಿಗೆ ಹೋದ ಮಯೂರಶರ್ಮ ಅಲ್ಲಿ ಪಲ್ಲವರ ಕುದುರೆ ಸವಾರನ ಜೊತೆ ಜಗಳವಾಗಿ, ಅವಮಾನ ತಾಳದೆ ಕತ್ತಿ ಹಿಡಿದ ಕಥೆ ಪ್ರಣವೇಶ್ವರ ಗುಡಿಯ ಮುಂದಿನ ಕಂಬದ ಮೇಲೇ ಕೆತ್ತಿದೆ. ಕದಂಬರ ರಾಜ್ಯ ಶುರುವಾದದ್ದು ಹಾಗೆ. ಬರುವ ಭಾನುವಾರ ಭಾವ ಬಿಡುವಾಗಿದ್ದರೆ ಅವನನ್ನು ಕರೆದುಕೊಂಡು ಹೋಗಲಿ. ಆ ಕಂಬದ ಬರಹ ಬರೆಸಿದವರು ಮಯೂರನ ವಂಶದವರೇ. ಅವರು ಏನೇನು ಬಿಟ್ಟಿರಬಹುದು ಅಂತ ಯೋಚಿಸಿ ನನಗೆ ಬರೆಯಲು ಹೇಳು. ಫೋನು ಬೇಡ, ಕಾಗದವೇ ಬರೆಯಲಿ.

ಅಮ್ಮನಿಗೆ, ಭಾವನಿಗೆ ನಮಸ್ಕಾರ ತಿಳಿಸು.

ಇಂತಿ ನಿನ್ನ ತಮ್ಮ